ಅರಳುಮರಳೋ, ಮಾತ್ರೆಯ ಮಂಪರೋ?



ಮನೆಯ ಹಿರಿಯರೊಬ್ಬರು ಮೊಮ್ಮಗನ ಹೆಸರಿಗೆ ತಡವರಿಸಿದರೆ, ಒಲೆಯ ಮೇಲೆ ಹಾಲಿಟ್ಟು ಮರೆತರೆ, ಜಪಸರ ಹೇಳುತ್ತಾ ಹೇಳುತ್ತಾ ಎಷ್ಟನೆಯ ರಹಸ್ಯವೆಂದು ಪಕ್ಕದವರನ್ನು ಕೇಳಿದರೆ, ನಮ್ಮ ಬಾಯಿಗೆ ಬರುವ ಮಾತು ಒಂದೇ: ಅರವತ್ತಕ್ಕೆ ಅರಳುಮರಳು. ಹಳೆಯ ಮಾತು, ಕೇಳಲು ಹಗುರವಾದ ಮಾತು. ಆದರೆ ಅದನ್ನು ಆಡಿದ ಗಳಿಗೆಯಿಂದ ನಾವು ಕಾರಣ ಹುಡುಕುವುದನ್ನು ಬಿಟ್ಟುಬಿಡುತ್ತೇವೆ. ಅಂದಿನಿಂದ ಆ ಹಿರಿಯರನ್ನು ಜಮೀನಿನ ವಿಚಾರ ಕೇಳುವವರಿಲ್ಲ, ಮದುವೆಯ ಮಾತುಕತೆಗೆ ಕೂಡಿಸಿಕೊಳ್ಳುವವರಿಲ್ಲ, ಅವರ ಕೈಗೆ ನೂರು ರೂಪಾಯಿ ಕೊಡುವವರಿಲ್ಲ. ಮನೆಯ ಯಜಮಾನ ಮೂಲೆಯ ಮಂಚಕ್ಕೆ ಸರಿಯುತ್ತಾನೆ.

ಆ ಮರೆವಿಗೆ ಕಾರಣ ಮಂಚದ ಪಕ್ಕದ ಮಾತ್ರೆಯ ಡಬ್ಬಿಯಲ್ಲಿಯೇ ಇದ್ದರೆ?

ಎಲ್ಲ ಮರೆವೂ ಮಾತ್ರೆಯಿಂದ ಬರುತ್ತದೆಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಅದು ಮಿದುಳಿನ ನಿಜವಾದ ಕಾಯಿಲೆ. ಮಾತ್ರೆ ಬಿಡಿಸಿದರೆ ಹೋಗುವಂಥದ್ದಲ್ಲ. ಆದರೆ ಮಾತ್ರೆಯಿಂದ ಬರುವ ಮಂಪರು ಮೇಲ್ನೋಟಕ್ಕೆ ಅದೇ ಕಾಯಿಲೆಯಂತೆಯೇ ಕಾಣುತ್ತದೆ, ಮತ್ತು ಅನೇಕ ವೇಳೆ ಅದನ್ನು ಇಳಿಸಬಹುದು. ಗುಣವಾಗುವುದನ್ನು ಗುಣವಾಗದ್ದೆಂದು ಎಣಿಸಿ ಕೈಬಿಡುವುದೇ ಇಲ್ಲಿರುವ ಅನ್ಯಾಯ.

ಹಿರಿಯರ ನೆನಪಿಗೆ ಎಷ್ಟು ಬೆಲೆಯಿದೆಯೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ದೊಡ್ಡದೊಂದು ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತಿದೆ. 45 ವರ್ಷ ದಾಟಿದ, ಮರೆವಿನ ಕಾಯಿಲೆಯಿಲ್ಲದ 10,000 ಹಳ್ಳಿಗರನ್ನು ಸೇರಿಸಿಕೊಂಡು, ಅವರ ರಕ್ತ, ರಕ್ತದೊತ್ತಡ, ಸಕ್ಕರೆ, ಮಿದುಳಿನ ಸ್ಕ್ಯಾನ್, ನೆನಪಿನ ಶಕ್ತಿ ಎಲ್ಲವನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತಾ ಹೋಗುವುದು ಅದರ ಗುರಿ. ಯಾರ ನೆನಪು ಏಕೆ ಕುಂದುತ್ತದೆ, ಯಾರದು ಏಕೆ ಉಳಿಯುತ್ತದೆ ಎಂಬುದೇ ಅವರ ಪ್ರಶ್ನೆ. ಮಾವಿನ ತೋಟದಲ್ಲಿ ಬೆವರು ಸುರಿಸಿದ ರೈತನ ನೆನಪನ್ನು ವಿಜ್ಞಾನಿಗಳು ಇಷ್ಟು ಗೌರವದಿಂದ ಅಳೆಯುತ್ತಿರುವಾಗ, ನಾವು ಮನೆಯಲ್ಲಿ ಒಂದು ಗಾದೆ ಹೇಳಿ ಕೈತೊಳೆದುಕೊಳ್ಳುವುದು ಸರಿಯೇ?

ಉಮ್ಮತ್ತಿಯ ಪಾಠ

ನಮ್ಮ ಹೊಲದ ಬದುಗಳಲ್ಲಿ, ಪಾಳು ಗೋಡೆಗಳ ಪಕ್ಕದಲ್ಲಿ ಬೆಳೆಯುವ ಉಮ್ಮತ್ತಿ ಗಿಡವನ್ನು ನೀವೆಲ್ಲ ಬಲ್ಲಿರಿ. ಮುಳ್ಳುಕಾಯಿಯ ಆ ಗಿಡವನ್ನು ಮಕ್ಕಳು ಮುಟ್ಟಿದರೆ ತಾಯಂದಿರು ಗದರುತ್ತಾರೆ. ಅದರ ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಮೂತ್ರ ಕಟ್ಟುತ್ತದೆ, ಎದೆ ಡವಗುಟ್ಟುತ್ತದೆ. ಮನುಷ್ಯ ಗೊತ್ತುಗುರಿಯಿಲ್ಲದೆ ಬಡಬಡಿಸುತ್ತಾನೆ, ಆಮೇಲೆ ಅದೊಂದೂ ಅವನ ನೆನಪಿನಲ್ಲಿರುವುದಿಲ್ಲ.

ಹೀಗಾಗುವುದು ಏಕೆ? ನಮ್ಮ ನರಗಳು ಒಂದರೊಡನೊಂದು ಮಾತಾಡುವುದು ಕೆಲವು ರಾಸಾಯನಿಕ ದೂತರ ಮೂಲಕ. ಅವುಗಳಲ್ಲಿ ಒಂದರ ಹೆಸರು ಅಸಿಟೈಲ್‌ಕೋಲಿನ್. ನೆನಪನ್ನು ಕೂಡಿಡುವುದಕ್ಕೂ ಗಮನ ನಿಲ್ಲಿಸುವುದಕ್ಕೂ ಮಿದುಳಿಗೆ ಈ ದೂತ ಬೇಕೇ ಬೇಕು. ಜೊಲ್ಲು ಸುರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಹಿಂಡುವುದು ಕೂಡ ಇವನದೇ ಕೆಲಸ. ದೂತ ಬಂದು ತಟ್ಟುವ ಬಾಗಿಲಲ್ಲಿ ಉಮ್ಮತ್ತಿಯ ವಿಷ ಅಡ್ಡ ಕೂರುತ್ತದೆ. ಸುದ್ದಿ ಒಳಗೆ ಹೋಗುವುದಿಲ್ಲ.

(ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆಂದು ತೋರಿಸಿಕೊಟ್ಟವರು ಆಸ್ಟ್ರಿಯಾದ ವಿಜ್ಞಾನಿ ಓಟೋ ಲೋವಿ. ಆ ಪ್ರಯೋಗದ ಯೋಚನೆ ತಮಗೆ ಪಾಸ್ಕ ಹಬ್ಬದ ಹಿಂದಿನ ರಾತ್ರಿ ನಿದ್ರೆಯಲ್ಲಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಎದ್ದು ಒಂದು ಚೀಟಿಯಲ್ಲಿ ಗೀಚಿಟ್ಟು ಮಲಗಿದರಂತೆ; ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗಲಿಲ್ಲ, ಯೋಚನೆಯೂ ನೆನಪಿಗೆ ಬರಲಿಲ್ಲ. ಮರುರಾತ್ರಿ ಅದೇ ಯೋಚನೆ ಮತ್ತೆ ಬಂದಾಗ ಮಲಗದೆ ನೇರವಾಗಿ ಪ್ರಯೋಗಶಾಲೆಗೆ ಹೋದರು. 1921ರಲ್ಲಿ ಪ್ರಕಟವಾದ ಆ ಕೆಲಸಕ್ಕೆ 1936ರಲ್ಲಿ, ಹೆನ್ರಿ ಡೇಲ್ ಅವರೊಡನೆ, ನೊಬೆಲ್ ಬಹುಮಾನ ಬಂತು. ನೆನಪಿನ ದೂತನನ್ನು ಕಂಡುಹಿಡಿದವರೂ ಮರೆವಿನಿಂದ ತಪ್ಪಿಸಿಕೊಳ್ಳಲಿಲ್ಲವೆಂದು ನಮ್ಮ ಹಿರಿಯರಿಗೆ ಹೇಳಿದರೆ ಅವರಿಗೂ ಸ್ವಲ್ಪ ಸಮಾಧಾನವಾದೀತು.)

ನಾವು ದಿನವೂ ನುಂಗುವ ಕೆಲವು ಮಾತ್ರೆಗಳು ಉಮ್ಮತ್ತಿ ಮಾಡುವ ಕೆಲಸವನ್ನೇ ಬಹಳ ಮೆಲ್ಲಗೆ ಮಾಡುತ್ತವೆ. ನೆಗಡಿಗೆ, ತುರಿಕೆಗೆ ಅಂಗಡಿಯಲ್ಲಿ ಕೊಡುವ ಕ್ಲೋರ್‌ಫೆನಿರಮೈನ್, ಕೆಮ್ಮಿನ ಸಿರಪ್ಪಿನಲ್ಲಿರುವ ಡೈಫೆನ್‌ಹೈಡ್ರಮೈನ್, ತುರಿಕೆಯ ಹೈಡ್ರಾಕ್ಸಿಜೈನ್, ವಾಂತಿ, ಅಲರ್ಜಿಗೆ ಕೊಡುವ ಪ್ರೊಮೆಥಜೈನ್, ಕಾಲುರಿ, ನರನೋವಿಗೆ ರಾತ್ರಿ ಹೊತ್ತು ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್. ಯೌವನದ ಮಿದುಳಿಗೆ ಇದು ಒಂದು ತೂಕಡಿಕೆ ಅಷ್ಟೆ. ವಯಸ್ಸಾದವರಲ್ಲಿ ಆ ದೂತನ ಬಲ ಮೊದಲೇ ತಗ್ಗಿರುತ್ತದೆ, ಮೂತ್ರಪಿಂಡವೂ ಯಕೃತ್ತೂ ಔಷಧವನ್ನು ಹೊರಹಾಕುವುದು ನಿಧಾನ. ಅವರಿಗೆ ಅದೇ ಮಾತ್ರೆ ದಿನವಿಡೀ ಮಬ್ಬು ಕವಿಸಬಹುದು. ಇಂಥ ಎರಡು ಮೂರು ಮಾತ್ರೆ ಒಟ್ಟಿಗೆ ಸೇರಿದರೆ ಹೇಳುವುದೇ ಬೇಡ. ಹಿರಿಯರು ಬಾಯಿ ಒಣಗುತ್ತದೆ, ಮಲಬದ್ಧತೆ, ಮೂತ್ರ ಸರಿಯಾಗಿ ಹೋಗುತ್ತಿಲ್ಲ ಎನ್ನುತ್ತಿದ್ದು, ಅದೇ ದಿನಗಳಲ್ಲಿ ಮರೆವೂ ಹೆಚ್ಚಿದ್ದರೆ, ಈ ನಾಲ್ಕನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ಬಿಡಿಬಿಡಿಯಾಗಿ ಹೇಳಿದರೆ ನಾಲ್ಕಕ್ಕೂ ನಾಲ್ಕು ಹೊಸ ಮಾತ್ರೆ ಬಂದಾವು.

ಮಂಪರು ಇಳಿಯುವಂಥದ್ದು. ಇಂಥ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಮುಂದೆ ಮರೆಗುಳಿ ಕಾಯಿಲೆಯೇ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2015ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ 3,434 ಜನರನ್ನು ಸರಾಸರಿ ಏಳು ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು: ಮೂರು ವರ್ಷಕ್ಕೂ ಹೆಚ್ಚು ಕಾಲ ದಿನವೂ ತೆಗೆದುಕೊಂಡಷ್ಟು ಪ್ರಮಾಣ ಸೇವಿಸಿದವರಲ್ಲಿ ಈ ಕಾಯಿಲೆಯ ಸಂಭವ ಶೇ. 54ರಷ್ಟು ಹೆಚ್ಚು ಕಂಡುಬಂತು. 2019ರಲ್ಲಿ ಇಂಗ್ಲೆಂಡಿನಲ್ಲಿ ನಡೆದ, ಇದಕ್ಕಿಂತ ಬಹು ದೊಡ್ಡ ಅಧ್ಯಯನ ಶೇ. 49 ಎಂದಿತು, ಆದರೆ ಅಲ್ಲಿ ನೆಗಡಿ-ಅಲರ್ಜಿ ಮಾತ್ರೆಗಳಿಗೆ ಆ ನಂಟು ಕಾಣಲಿಲ್ಲ, ಖಿನ್ನತೆ ಮತ್ತು ಮೂತ್ರಕೋಶದ ಮಾತ್ರೆಗಳಿಗೆ ಕಂಡಿತು. ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು ಎಂದು ಗುರುಮಠದ ತರ್ಕಶಾಸ್ತ್ರದ ತರಗತಿಯಲ್ಲಿ ನಮಗೆ ಮೊದಲ ವರ್ಷವೇ ಕಲಿಸಿದ್ದರು. ಆ ಸಂಶೋಧಕರೂ ಅಷ್ಟೇ ಎಚ್ಚರಿಕೆಯಿಂದ ಮಾತಾಡುತ್ತಾರೆ. ಆದ್ದರಿಂದ ಹೆದರಬೇಡಿ, ಆದರೆ ಬೇಡದ್ದನ್ನು ವರ್ಷಗಟ್ಟಲೆ ನುಂಗಬೇಡಿ.

ನಿದ್ರೆಯ ಮಾತ್ರೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೈರಕೂರು ಕಡೆಯ ಮನೆಗಳಿಗೆ ಹೋದಾಗ ಹಿರಿಯರ ಬಾಯಲ್ಲಿ ನಾನು ಹೆಚ್ಚು ಕೇಳುವ ದೂರು ನಿದ್ರೆಯದು. ಗಂಡ ತೀರಿಕೊಂಡ ವರ್ಷ, ಮಗ ಬೆಂಗಳೂರಿಗೆ ಹೋದ ವರ್ಷ, ಸಾಲದ ವರ್ಷ, ಹೀಗೆ ಯಾವುದೋ ಒಂದು ಕಷ್ಟದಲ್ಲಿ ಡಾಕ್ಟರು ಹತ್ತು ದಿನಕ್ಕೆಂದು ಒಂದು ಸಣ್ಣ ಮಾತ್ರೆ ಬರೆದಿರುತ್ತಾರೆ. ಹತ್ತು ದಿನ ಹತ್ತು ವರ್ಷವಾಗಿರುತ್ತದೆ.

ಆಲ್‌ಪ್ರಜೋಲಮ್, ಡಯಾಜೆಪಾಮ್, ಕ್ಲೋನಜೆಪಾಮ್, ಲೋರಜೆಪಾಮ್ ಒಂದೇ ಬಳಗದವು. ಜೋಲ್ಪಿಡೆಮ್ ಅವುಗಳ ದಾಯಾದಿ. ಇವು ಹೊಸ ನೆನಪು ಮಿದುಳಿನಲ್ಲಿ ಅಚ್ಚಾಗುವುದನ್ನು ತಡೆಯುತ್ತವೆ. ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆಯ ಮುಂಚೆ ಇದೇ ಬಳಗದ ಮಿಡಜೋಲಮ್ ಚುಚ್ಚುವುದುಂಟು. ರೋಗಿ ಎಚ್ಚರವಿದ್ದು ಮಾತಿಗೆ ಉತ್ತರ ಕೊಟ್ಟರೂ ಆಮೇಲೆ ಅವನಿಗೆ ಏನೂ ನೆನಪಿರುವುದಿಲ್ಲ. ಅಲ್ಲಿ ಆ ಗುಣ ಉಪಕಾರಿ. ಅದೇ ಗುಣ ಪ್ರತಿ ರಾತ್ರಿ ಅಜ್ಜಿಯ ಮಿದುಳಿನಲ್ಲಿ ಕೆಲಸ ಮಾಡಿದರೆ, ನಿನ್ನೆ ಮಗಳು ಫೋನಿನಲ್ಲಿ ಹೇಳಿದ್ದು ಇವತ್ತು ಇಲ್ಲ. ಇದರ ಮೇಲೆ, ರಾತ್ರಿ ಬಚ್ಚಲಿಗೆಂದು ಎದ್ದಾಗ ಕಾಲು ತಡವರಿಸಿ ಬಿದ್ದು ಸೊಂಟದ ಮೂಳೆ ಮುರಿಯುವ ಭಯ. ಅಮೆರಿಕದ ವೃದ್ಧವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮುದುಕರಿಗೆ ಆದಷ್ಟು ಕೊಡಬಾರದ ಔಷಧಗಳ ಒಂದು ಪಟ್ಟಿ ಮಾಡಿದರು. 2023ರಲ್ಲಿ ಪರಿಷ್ಕೃತವಾದ ಆ ಪಟ್ಟಿಯಲ್ಲಿ ಈ ಬಳಗವೂ ಇದೆ, ಮೇಲೆ ಹೇಳಿದ ಹಳೆಯ ಅಲರ್ಜಿ ಮಾತ್ರೆಗಳೂ ಇವೆ.

ಆಲ್‌ಪ್ರಜೋಲಮ್, ಜೋಲ್ಪಿಡೆಮ್, ನೋವಿಗೆ ಕೊಡುವ ಟ್ರಮಡಾಲ್ ಮುಂತಾದವನ್ನು ನಮ್ಮ ಸರ್ಕಾರ ಷೆಡ್ಯೂಲ್ ಎಚ್-1 ಎಂಬ ಪಟ್ಟಿಗೆ ಸೇರಿಸಿದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಆ ನಿಯಮದಂತೆ ಡಾಕ್ಟರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಂಡಿರಬೇಕು. ಪರಿಚಯದ ಅಂಗಡಿಯವನು ಹಳೆಯ ಹಾಳೆ ನೋಡಿ ಕೊಟ್ಟುಬಿಡುತ್ತಾನೆಂದರೆ ಅದು ಉಪಕಾರವಲ್ಲ.

ಆದರೆ ಇದನ್ನು ಓದಿ ಇವತ್ತೇ ರಾತ್ರಿ ಮಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ! ವರ್ಷಗಟ್ಟಲೆ ತೆಗೆದುಕೊಂಡ ನಿದ್ರೆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಕಳವಳ, ನಿದ್ರೆಯೇ ಇಲ್ಲದ ರಾತ್ರಿಗಳು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡಾಕ್ಟರ ಕಣ್ಣಳತೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಸಾಧ್ಯವೇ ಎಂದು ಕೇಳುವಿರಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 65 ದಾಟಿದ 303 ಜನರೊಡನೆ ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ಮಾತ್ರೆಯ ಅಪಾಯವನ್ನೂ ಮೆಲ್ಲಗೆ ಇಳಿಸುವ ಕ್ರಮವನ್ನೂ ಸರಳವಾಗಿ ತಿಳಿಸುವ ಒಂದು ಕಿರುಪುಸ್ತಕ ಕೊಟ್ಟರು, ಅಷ್ಟೆ. ಆರು ತಿಂಗಳಲ್ಲಿ ಪುಸ್ತಕ ಓದಿದವರಲ್ಲಿ ನೂರಕ್ಕೆ 27 ಮಂದಿ ಮಾತ್ರೆ ಬಿಟ್ಟಿದ್ದರು. ಓದದವರಲ್ಲಿ 5 ಮಂದಿ. 2014ರಲ್ಲಿ ಇದು ಪ್ರಕಟವಾಯಿತು. ಮುದುಕರಿಗೆ ಹೇಳಿ ಪ್ರಯೋಜನವಿಲ್ಲ ಎನ್ನುವವರು ಇದನ್ನು ಗಮನಿಸಲಿ.

ಉಪವಾಸ, ಪೂಜೆ, ಶುಗರ್ ಮಾತ್ರೆ

ಇನ್ನೊಂದು ಸಂಗತಿ ನೇರವಾಗಿ ನಮ್ಮ ಧರ್ಮಾಚರಣೆಗೆ ತಗಲುವಂಥದ್ದು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳು, ಮತ್ತು ಇನ್ಸುಲಿನ್, ನೀವು ಊಟ ಮಾಡಿದರೂ ಮಾಡದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಮಿದುಳು ಬದುಕುವುದು ಬಹುಮಟ್ಟಿಗೆ ಸಕ್ಕರೆಯ ಮೇಲೆ. ಅದು ತೀರ ಇಳಿದರೆ ಬೆವರು, ನಡುಕ, ತಬ್ಬಿಬ್ಬು, ತೊದಲು ಮಾತು. ಇಂಥ ತೀವ್ರ ಇಳಿತ ಮತ್ತೆ ಮತ್ತೆ ಆದರೆ ಮಿದುಳಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಆರಕ್ಕೆ ಮಾತ್ರೆ ನುಂಗಿ, ಪರಮಪ್ರಸಾದ ಸ್ವೀಕರಿಸಬೇಕೆಂದು ಏನೂ ತಿನ್ನದೆ ಪೂಜೆಗೆ ಬಂದು, ಪ್ರಬೋಧನೆಯ ನಡುವೆ ಮಂಕಾಗಿ ಕೂರುವ ಅಜ್ಜಂದಿರು ಎಲ್ಲ ಧರ್ಮಕೇಂದ್ರಗಳಲ್ಲೂ ಇದ್ದಾರೆ. (ಪ್ರಬೋಧನೆಯೇ ಕಾರಣವಾಗಿರುವ ದಿನಗಳೂ ಇರಬಹುದು; ಅದಕ್ಕೆ ಮದ್ದು ಬೇರೆ.)

ಧರ್ಮಸಭೆಯ ಕಾನೂನು ಇದನ್ನು ಕೇಳುವುದೇ ಇಲ್ಲ. 1983ರ ಕಾನೂನು ಸಂಹಿತೆಯ 919ನೆಯ ವಿಧಿಯಂತೆ ನೀರು ಮತ್ತು ಔಷಧ ಪರಮಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸವನ್ನು ಮುರಿಯುವುದಿಲ್ಲ. ವಯಸ್ಸಾದವರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಸ್ವೀಕರಿಸಬಹುದು. ಬೂದಿ ಬುಧವಾರ, ಶುಭ ಶುಕ್ರವಾರಗಳ ಉಪವಾಸದ ಕಟ್ಟಳೆ 59 ವರ್ಷ ತುಂಬಿದವರಿಗೆ ಇಲ್ಲವೆಂದು 1252ನೆಯ ವಿಧಿ ಹೇಳುತ್ತದೆ. ಆದ್ದರಿಂದ ಶುಗರ್ ಮಾತ್ರೆ ತೆಗೆದುಕೊಳ್ಳುವ ತಾಯಂದಿರೇ, ಎರಡು ಇಡ್ಲಿ ತಿಂದು ಪೂಜೆಗೆ ಬನ್ನಿ. ಉಪವಾಸದ ಆಸೆ ಬಿಡಲಾಗದಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ನಮ್ಮನ್ನು ಕೇಳಿ.

ಇನ್ನೆರಡು ಮಾತ್ರೆಗಳ ವಿಚಾರ ಚುಟುಕಾಗಿ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ಬಹಳ ಒಳ್ಳೆಯ ಮಾತ್ರೆಯಾದ ಮೆಟ್‌ಫಾರ್ಮಿನ್, ಗ್ಯಾಸಿಗೆಂದು ಎಲ್ಲರೂ ನುಂಗುವ ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್: ಇವನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗುತ್ತದೆ. ಬಿ-12 ಕೊರತೆಯಿಂದ ಕಾಲು ಜೋಮು, ಸುಸ್ತು, ಮರೆವು ಬರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಇಂಜೆಕ್ಷನ್ನಿನಿಂದಲೋ ಮಾತ್ರೆಯಿಂದಲೋ ತುಂಬಿಕೊಳ್ಳಬಹುದು. ಮೆಟ್‌ಫಾರ್ಮಿನ್ ನಿಲ್ಲಿಸುವ ಅಗತ್ಯವಿಲ್ಲ. ಗ್ಯಾಸಿನ ಮಾತ್ರೆ ಇನ್ನೂ ಬೇಕೇ ಎಂದು ಮಾತ್ರ ಕೇಳಿ.

ಮಾತ್ರೆಗೆ ಮಾತ್ರೆ

ಹೀಗೊಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಜ್ಜಿಗೆ 72. ಮುಳಬಾಗಿಲಿನಲ್ಲಿ ಬಿ.ಪಿ.ಗೆ ಒಂದು ಮಾತ್ರೆ ಕೊಟ್ಟರು. ಕೆಲವು ಬಿ.ಪಿ. ಮಾತ್ರೆಗಳಿಂದ ಕಾಲು ಊದುತ್ತದೆ. ಊತಕ್ಕೆ ಕೋಲಾರದಲ್ಲಿ ನೀರು ಇಳಿಸುವ ಮಾತ್ರೆ ಸೇರಿತು. ಅದರಿಂದ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಯಿತು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಮೂತ್ರ ತಡೆಯುವ ಮಾತ್ರೆ ಸೇರಿತು. ಅದು ಉಮ್ಮತ್ತಿಯ ಬಳಗದ್ದು, ಮರೆವು ತಂದಿತು. ಮರೆವಿಗೆ ಇನ್ನೊಬ್ಬರು ಡೊನೆಪೆಜಿಲ್ ಬರೆದರು. ಡೊನೆಪೆಜಿಲ್ ಕೆಲಸ ಅಸಿಟೈಲ್‌ಕೋಲಿನ್ ದೂತನನ್ನು ಹೆಚ್ಚಿಸುವುದು, ಮೂತ್ರದ ಮಾತ್ರೆಯ ಕೆಲಸ ಅವನನ್ನು ಬಾಗಿಲಲ್ಲೇ ತಡೆಯುವುದು. ಒಂದೇ ಡಬ್ಬಿಯಲ್ಲಿ ಎರಡೂ! ಪ್ರತಿಯೊಬ್ಬ ಡಾಕ್ಟರೂ ತಮ್ಮ ಮುಂದಿದ್ದ ತೊಂದರೆಗೆ ಸರಿಯಾದುದನ್ನೇ ಬರೆದಿರಬಹುದು. ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ, ಅಷ್ಟೆ.

ಆ ಒಟ್ಟಿಗೆ ನೋಡುವ ಕೆಲಸವನ್ನು ಶುರುಮಾಡಬೇಕಾದವರು ಮನೆಯವರು. ಡಬ್ಬಿಯಲ್ಲಿರುವ ಮಾತ್ರೆ, ಸಿರಪ್ಪು, ಮುಲಾಮು, ನಾಟಿ ಔಷಧ, ಅಂಗಡಿಯಲ್ಲಿ ಕೇಳಿ ತಂದ ಬಿಡಿ ಮಾತ್ರೆಗಳ ಪೊಟ್ಟಣ, ಯಾವುದನ್ನೂ ಬಿಡದೆ ಒಂದು ಚೀಲಕ್ಕೆ ಹಾಕಿ. ಮಾತ್ರೆಯ ಹಾಳೆಯ ಮೇಲೆ ಕಂಪನಿಯ ಹೆಸರಿನ ಜೊತೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರೂ ಇರುತ್ತದೆ. ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಎಷ್ಟೋ ಸಲ ಬೇರೆ ಬೇರೆ ಹೆಸರಿನ ಎರಡು ಹಾಳೆಯಲ್ಲಿ ಒಂದೇ ಔಷಧ ಸಿಗುತ್ತದೆ. ಚೀಲವನ್ನು ಒಬ್ಬ ಡಾಕ್ಟರ ಮುಂದೆ ಸುರಿದು, ಇದರಲ್ಲಿ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ಕಡಿಮೆ ಮಾಡಬಹುದು, ಯಾವುದಕ್ಕೆ ಮಂಪರಿಲ್ಲದ ಬದಲಿ ಇದೆ ಎಂದು ವಿನಯದಿಂದ ಕೇಳಿ. ಡಾಕ್ಟರನ್ನು ಪ್ರಶ್ನಿಸುವುದು ಅಗೌರವವೆಂದು ನಮ್ಮ ಕಡೆ ಭಾವನೆಯಿದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯರನ್ನು ಗೌರವಿಸಲು ಹೇಳುತ್ತದೆ, ನಿಜ. ಅವರಿಗೆ ಪೂರ್ತಿ ಸಂಗತಿ ತಿಳಿಸುವುದು ಆ ಗೌರವದ ಮೊದಲ ಭಾಗವೆಂದೇ ನಾನು ತಿಳಿದಿದ್ದೇನೆ.

ಎಲ್ಲಿಗೆ ಹೋಗುವುದೆಂದು ಗೊತ್ತಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರುಮಾಡಿ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಗೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳಿನ ಕಾಯಿಲೆಗಳನ್ನು ನೋಡುವುದು ಅದರ ಉದ್ದೇಶ.

ಒಂದು ಎಚ್ಚರಿಕೆ. ಬಿ.ಪಿ. ಮಾತ್ರೆಯನ್ನು ಮರೆವಿನ ಹೆದರಿಕೆಯಿಂದ ಬಿಡಬೇಡಿ. ಅದು ನೆನಪಿನ ಶತ್ರುವಲ್ಲ, ಕಾವಲುಗಾರ. ಚೀನಾದ 326 ಹಳ್ಳಿಗಳ ಸುಮಾರು 34,000 ಜನರೊಡನೆ ನಡೆದ ಪ್ರಯೋಗದಲ್ಲಿ, ಹಳ್ಳಿಯ ವೈದ್ಯರೇ ನಾಲ್ಕು ವರ್ಷ ನಿಗಾ ಇಟ್ಟು ಬಿ.ಪಿ.ಯನ್ನು ಹತೋಟಿಗೆ ತಂದ ಕಡೆ ಮರೆಗುಳಿ ಕಾಯಿಲೆ ಶೇ. 15ರಷ್ಟು ಕಡಿಮೆಯಾಯಿತೆಂದು 2025ರಲ್ಲಿ ವರದಿಯಾಗಿದೆ. ಅಲ್ಲಿ ಆದದ್ದು ನಮ್ಮ ಹಳ್ಳಿಗಳಲ್ಲೂ ಆಗಬಹುದು. ಫಿಟ್ಸ್, ಮಾನಸಿಕ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಗಳ ಮಾತ್ರೆಯನ್ನಂತೂ ಡಾಕ್ಟರು ಹೇಳದೆ ಮುಟ್ಟಲೇಬಾರದು.

ಇನ್ನು, ನಿನ್ನೆಯವರೆಗೆ ಚೆನ್ನಾಗಿದ್ದ ಹಿರಿಯರು ಇವತ್ತು ಇದ್ದಕ್ಕಿದ್ದಂತೆ ದಿಕ್ಕುತಪ್ಪಿದಂತೆ ಮಾತಾಡಿದರೆ, ಮನೆಯವರ ಗುರುತು ಹಿಡಿಯದಿದ್ದರೆ, ಚೀಲ ಸಿದ್ಧಮಾಡುತ್ತಾ ಕೂರಬೇಡಿ. ಅದು ಮೆಲ್ಲಗೆ ಬರುವ ಮರೆವಲ್ಲ. ಸಕ್ಕರೆ ಇಳಿದಿರಬಹುದು, ನೀರಿನ ಮಾತ್ರೆಯಿಂದ ರಕ್ತದ ಉಪ್ಪಿನಂಶ ಕುಸಿದಿರಬಹುದು, ಸೋಂಕಿರಬಹುದು, ಪಾರ್ಶ್ವವಾಯುವಿರಬಹುದು. ಅದೇ ಗಳಿಗೆಯಲ್ಲಿ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಮಾತ್ರೆಯ ಡಬ್ಬಿ ಜೊತೆಯಲ್ಲಿರಲಿ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಬರೆಸಲು ಮರೆಯಬೇಡಿ: ಪ್ರತಿಯೊಂದು ಮಾತ್ರೆ ಯಾವ ತಿಂಗಳು ಶುರುವಾಯಿತು, ಹಿರಿಯರ ಮರೆವು ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಯಾವ ತಿಂಗಳು. ದಿನಾಂಕ ನೆನಪಾಗದಿದ್ದರೆ ಊರ ಹಬ್ಬದ ಮುಂಚೆಯೋ ಆಮೇಲೋ, ಟೊಮೆಟೊ ಕಿತ್ತ ಸಮಯದಲ್ಲೋ ಎಂದು ಗುರುತು ಹಾಕಿದರೂ ಸಾಕು. ಅದನ್ನು ಕೇಳುವಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಮಾತ್ರೆ ನುಂಗಿದ ಮೇಲೆ ತಲೆ ಮಬ್ಬಾಗುತ್ತದೆಂದು ಅವರಿಗೆ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ.